ಕಿತ್ತಳೆ ಬಣ್ಣದ ಚೀಟಿ

"ಕೈ ಎತ್ತಿ, ಪ್ರೊಫೆಸರ್," ಎಂದಳು ಅರ್ಲೀನ್, ಅಂಗಿಯ ತೋಳನ್ನು ಅಗಲಿಸಿ ಹಿಡಿದು.

ಪ್ರೊಫೆಸರ್ ಹ್ಯಾಸ್ಕೆಲ್ ಎತ್ತಿದರು. ಅಂದರೆ, ಎತ್ತುವ ಮನಸ್ಸು ಮಾಡಿದರು. ಬಲಗೈ ಆರು ವರ್ಷದ ಹಿಂದೆ ಲಕ್ವ ಹೊಡೆದಾಗಲೇ ಮಡಿಲಿಗೆ ಬಿದ್ದು ಅಲ್ಲೇ ಉಳಿದಿತ್ತು. ಎಡಗೈ ಎದೆಯ ಮಟ್ಟದವರೆಗೆ ಬಂದು, ಭುಜದ ಕೀಲು ಹಿಡಿದುಕೊಂಡು, ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದಿನದು ಅರ್ಲೀನಳ ಕೆಲಸ. ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟು, ಒಂದೇ ಹದದಲ್ಲಿ ಮೇಲಕ್ಕೆತ್ತಿ, ತೋಳು ತೂರಿಸಿ, ನೋವು ಶುರುವಾಗುವ ಮೊದಲೇ ಇಳಿಸಿಬಿಡುತ್ತಿದ್ದಳು. ಎಷ್ಟು ಎತ್ತರಕ್ಕೆ ನೋವು ಶುರುವಾಗುತ್ತದೆ ಎಂಬುದು ಅವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

"ಕೆಂಪು ಟೈ ಕೊಡು. ಊರಸಭೆಗೆ ಹೋಗ್ತಿದ್ದೀವಿ, ಆಸ್ಪತ್ರೆಗಲ್ಲ."

"ಕೆಂಪು ಟೈಗೆ ಮೊನ್ನೆ ನೀವೇ ಸೂಪು ಕುಡಿಸಿದ್ದೀರಿ. ನೀಲಿ ಹಾಕ್ಕೊಳ್ಳಿ."

"ಏನು ಸರ್ವಾಧಿಕಾರ ಇದು!"

"ಹೌದು ಮತ್ತೆ. ಓಟು ಹಾಕಿ ನನ್ನ ಇಳಿಸಿ."

ಎಂಬತ್ತೆಂಟರ ಮುದುಕರು ಅರ್ಧ ಮುಖದಲ್ಲಿ ನಕ್ಕರು. ಇನ್ನರ್ಧ ಮುಖಕ್ಕೆ ನಗು ಬರುತ್ತಿರಲಿಲ್ಲ. ಈ ಮನೆಯಲ್ಲಿ ಅರ್ಲೀನ್ ಗ್ಯಾಡ್ಸ್‌ಡೆನ್‌ಗೆ ಇದು ಹನ್ನೊಂದನೇ ವರ್ಷ. ಮೊದಲ ಐದು ವರ್ಷ ಅವರ ಹೆಂಡತಿಯ ಆರೈಕೆ. ಆಕೆ ತೀರಿಕೊಂಡ ಮೇಲೆ, ನಡುವೆ ಒಂದು ವಾರವೂ ಬಿಡುವಿಲ್ಲದೆ, ಇವರದು. ಇಷ್ಟು ವರ್ಷದಲ್ಲಿ ಅವಳಿಗೆ ಅವರ ಮೇಲೆ ಪ್ರೀತಿ ಹುಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಟ್ಟಿತ್ತು. ಅದೇ ಅವಳ ತಲೆನೋವು.

ಅದು ಮೇ ತಿಂಗಳ ಶನಿವಾರ, ಆಲ್ಡನ್‌ಬರಿಯ ಊರಸಭೆ ವರ್ಷಕ್ಕೊಮ್ಮೆ ಸೇರುವ ದಿನ. ಆ ಊರಿನಲ್ಲಿ ಜನರ ಪರವಾಗಿ ಇನ್ಯಾರೋ ಕೂತು ತೀರ್ಮಾನಿಸುವ ಪದ್ಧತಿಯಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವವರೆಲ್ಲ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮಡಿಸುವ ಕುರ್ಚಿಗಳ ಮೇಲೆ ಕೂತು, ಕೈಯಲ್ಲೊಂದು ಬಣ್ಣದ ಚೀಟಿ ಹಿಡಿದು, ರಸ್ತೆಯ ಗುಂಡಿಯಿಂದ ಹಿಡಿದು ಶಾಲೆಯ ಸೂರಿನವರೆಗೆ ತಾವೇ ಮಾತಾಡಿ ತಾವೇ ಕೈಯೆತ್ತುತ್ತಾರೆ. ಮುತ್ತಜ್ಜಂದಿರ ಕಾಲದಿಂದ ಹೀಗೇ ನಡೆದಿದೆ ಎಂದು ಅವರಿಗೆ ಜಂಬ. ಈ ವರ್ಷದ ಪಟ್ಟಿಯಲ್ಲಿ ಹದಿನೇಳನೆಯ ವಿಷಯ, ಪ್ರೊಫೆಸರರ ಹಿತ್ತಲಿಗೆ ಹೊಂದಿಕೊಂಡಂತಿದ್ದ ಕ್ರೈಸ್ತ ಸನ್ಯಾಸಿನಿಯರ ಹಳೆಯ ಮಠ. ಕೊನೆಯ ಮೂವರು ಸನ್ಯಾಸಿನಿಯರು ಹೊರಟು ಹೋಗಿ ನಾಲ್ಕು ವರ್ಷವಾಗಿತ್ತು. ಆ ಕಟ್ಟಡದಲ್ಲಿ ಕಡಿಮೆ ಬಾಡಿಗೆಯ ಇಪ್ಪತ್ತಾರು ಮನೆ ಮಾಡಲು ಒಂದು ಧರ್ಮಸಂಸ್ಥೆ ಮುಂದೆ ಬಂದಿತ್ತು. ಹಣ ಸಿದ್ಧವಿತ್ತು, ನಕ್ಷೆ ಸಿದ್ಧವಿತ್ತು, ಊರು ಹೂಂ ಎಂದರೆ ಸೆಪ್ಟೆಂಬರಿಗೆ ಬೀಗದ ಕೈ ಸಿಗುತ್ತಿತ್ತು. ಎಂಟು ಮನೆ, ಈ ಊರಿನಲ್ಲಿ ಹತ್ತು ವರ್ಷಕ್ಕೂ ಮೀರಿ ದುಡಿದು ಬೇರೆಲ್ಲೋ ಬದುಕುವವರಿಗೆಂದೇ ಮೀಸಲು. ಆ ಎಂಟರ ಪಟ್ಟಿಯಲ್ಲಿ ಅರ್ಲೀನಳ ಹೆಸರು ಮೂರನೆಯದು.

ಶಿಫಾರಸು ಪತ್ರ ಬರೆಸಿದವರು ಪ್ರೊಫೆಸರರೇ. ಅವರು ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ತನ್ನ ಹೊಗಳಿಕೆಯನ್ನು ತಾನೇ ಬರೆದುಕೊಳ್ಳಬೇಕಾಗಿ ಬಂದಾಗ ಅವಳಿಗೆ ನಾಚಿಕೆಯಾಗಿ, "ಇಷ್ಟೆಲ್ಲ ಯಾಕೆ?" ಎಂದಿದ್ದಳು. "ಬರಿ, ಬರಿ. ನಿಂಗೆ ಆ ಮನೆ ಸಿಕ್ಕೇ ಸಿಗುತ್ತೆ, ನಾನಿದ್ದೀನಲ್ಲ," ಎಂದಿದ್ದರು ಅವರು.

ಒಂದು ಭಾನುವಾರ ಮಠದ ಬಾಗಿಲು ತೆರೆದು ತೋರಿಸಿದ್ದರು. ಎರಡನೇ ಮಹಡಿ, ಪೂರ್ವಕ್ಕೊಂದು ಕಿಟಕಿ, ಒಲೆಗೆ ಜಾಗ, ಗೋಡೆಯಲ್ಲಿ ಯಾವಳೋ ಸನ್ಯಾಸಿನಿ ಶಿಲುಬೆ ತೂಗುಹಾಕಿದ್ದ ಮೊಳೆ. ಅರ್ಲೀನ್ ಕಿಟಕಿಯ ಕಡೆ ನೋಡಿದ್ದು ಕಡಿಮೆ. ಬಾಗಿಲಿನ ಹತ್ತಿರ ನಿಂತು, ಹೊರಗೆ ಹೋಗಿ ಮುಚ್ಚಿ, ತೆರೆದು, ಒಳಗೆ ಬಂದು ಮುಚ್ಚಿ ನೋಡಿದ್ದಳು. ಬಾಸ್ಟನ್ನಿನಲ್ಲಿ ಅವಳಿದ್ದ ಮೇಲ್ಮಹಡಿಯನ್ನು ಹೊಸ ಮಾಲೀಕ ಕೊಂಡು, ಆಗಸ್ಟ್ ಕೊನೆಗೆ ಖಾಲಿ ಮಾಡು ಎಂದು ಕಾಗದ ಅಂಟಿಸಿದ್ದ. ಅವಳ ಸಂಬಳಕ್ಕೆ ಆ ನಗರದಲ್ಲಿ ಇನ್ನು ನಾಯಿಗೂಡೂ ಸಿಗುವಂತಿರಲಿಲ್ಲ. ಮಠ ಕೈತಪ್ಪಿದರೆ ಉಳಿದದ್ದು ಸೌತ್ ಕರೊಲಿನಾದಲ್ಲಿ ಅಕ್ಕನ ತಗಡಿನ ಮನೆಯ ಒಂದು ಮೂಲೆ. ಯಾವ ಊರನ್ನು ಅವಳ ಅಮ್ಮ ನಾಲ್ಕು ವರ್ಷದ ಇವಳನ್ನು ಸೊಂಟದಲ್ಲಿಟ್ಟುಕೊಂಡು ರೈಲು ಹತ್ತಿ, ತಿರುಗಿ ನೋಡದೆ ಬಿಟ್ಟು ಬಂದಿದ್ದಳೋ, ಆ ಊರು.

ಈಗ ಅವಳಿಗೆ ಐವತ್ತೈದು. ಎರಡು ಬಸ್ಸು, ಒಂದು ರೈಲು, ಹೋಗಲು ಎರಡು ಗಂಟೆ, ಬರಲು ಎರಡು. ಆಲ್ಡನ್‌ಬರಿಯ ಮನೆಮನೆಯ ಹುಲ್ಲುಹಾಸಿನಲ್ಲಿ 'ಎಲ್ಲರಿಗೂ ಇಲ್ಲಿ ಸ್ವಾಗತ' ಎಂದು ಆರು ಭಾಷೆಯಲ್ಲಿ ಬರೆದ ಹಲಗೆ ನೆಟ್ಟಿದ್ದರು. ನಗರಕ್ಕೆ ಹೋಗುವ ಕೊನೆಯ ಬಸ್ಸು ಹೊರಡುವುದು ಆರು ಹತ್ತಕ್ಕೆ. "ಸ್ವಾಗತ ಸಂಜೆ ಆರು ಹತ್ತರವರೆಗೆ ಮಾತ್ರ," ಎಂದು ಬಸ್ಸಿನಲ್ಲಿ ಅರ್ಲೀನ್ ಹೇಳಿದರೆ, ಊರಿನ ಬೇರೆ ಮನೆಗಳಲ್ಲಿ ದುಡಿಯುವ ಹೆಂಗಸರು ಚೀಲ ತಬ್ಬಿಕೊಂಡು ನಗುತ್ತಿದ್ದರು.

ಎರಡು ವಾರದಿಂದ ಪ್ರೊಫೆಸರರ ಭಾಷಣದ ತಾಲೀಮು ನಡೆದಿತ್ತು. ಸಭೆಯಲ್ಲಿ ಒಬ್ಬೊಬ್ಬರಿಗೆ ಮೂರೇ ನಿಮಿಷ. ಅವಳು ದಪ್ಪ ಅಕ್ಷರದಲ್ಲಿ ಆರು ರಟ್ಟಿನ ಹಾಳೆಗಳ ಮೇಲೆ ಬರೆದುಕೊಟ್ಟಿದ್ದಳು; ಮೊಟ್ಟೆ ಬೇಯಿಸುವಾಗ ಇಡುವ ಗಡಿಯಾರ ಇಟ್ಟುಕೊಂಡು ಓದಿಸಿದ್ದಳು. ಅವಳಿಗೆ ಅದು ಬಾಯಿಪಾಠ. ಈ ಬೆಳಿಗ್ಗೆ ಮಗಳು ಥಿಯಾ ಬಂದು, ಅಪ್ಪನ ಜೊತೆ ಓದುಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಕೂತಿದ್ದಳು. ಥಿಯಾ ಪಕ್ಕದ ಬೀದಿಯವಳು, ಕೆರೆ-ಕಾಡು ಉಳಿಸುವ ಸಂಘದ ಕಾರ್ಯದರ್ಶಿ. ಆ ಊರಿನ ಹಲಗೆಗಳನ್ನೆಲ್ಲ ಅಚ್ಚು ಹಾಕಿಸಿ ಹಂಚಿದವಳೂ ಅವಳೇ. ಹೊರಗೆ ಬಂದವಳೇ ಅರ್ಲೀನಳನ್ನು ತಬ್ಬಿಕೊಂಡಳು. ಥಿಯಾ ತಬ್ಬಿಕೊಳ್ಳುವುದರಲ್ಲಿ ಜಿಪುಣಿಯಲ್ಲ.

"ನಿನ್ನ ಅಕ್ಷರ ಚೆನ್ನಾಗೇ ಇದೆ. ಆದ್ರೆ ಅಪ್ಪನ ಕಣ್ಣಿಗೆ ಇನ್ನೂ ದಪ್ಪ ಬೇಕು. ನಾನೇ ಅಚ್ಚು ಮಾಡಿ ತಂದಿದ್ದೀನಿ. ಅಲ್ಲಿ ಕೊಡ್ತೀನಿ," ಎಂದಳು.

ಅರ್ಲೀನ್ ಗಾಲಿಕುರ್ಚಿಯನ್ನು ಇಳಿಜಾರಿನಲ್ಲಿ ಹಿಂದುಹಿಂದಕ್ಕೆ ಇಳಿಸಿದಳು. ಹಜಾರದ ಗೋಡೆಯ ಮೇಲೆ ಪ್ರೊಫೆಸರರ ಇಡೀ ಆಯುಷ್ಯ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಸಾವಿರದ ಒಂಬೈನೂರ ಅರವತ್ತನಾಲ್ಕು, ಮಿಸಿಸಿಪಿ: ಕರಿಯರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಹೋದ ಬಿಳಿಯ ತರುಣ, ಹಣೆಗೆ ಬಟ್ಟೆ ಸುತ್ತಿಕೊಂಡು, ಒಂಬತ್ತು ದಿನದ ಜೈಲಿನಿಂದ ಹೊರಗೆ ಬರುತ್ತಿರುವುದು. ಅರವತ್ತೆಂಟು: ಬಣ್ಣ ನೋಡಿ ಮನೆ ನಿರಾಕರಿಸಬಾರದು ಎಂಬ ಕಾನೂನು ಬೇಕೆಂದು ಮೆರವಣಿಗೆಯ ಮುಂದೆ. ಆಮೇಲೊಂದು ಬಣ್ಣದ ಚಿತ್ರ: ಇದೇ ಮನೆಯ ಮುಂದೆ ಗಂಡ, ಹೆಂಡತಿ, ಪುಟ್ಟ ಥಿಯಾ. ಕೆಳಗೆ ಸಣ್ಣದಾಗಿ, 'ಹೊಸ ಮನೆ, ಸೆಪ್ಟೆಂಬರ್ 1974'.

ಆ ತಿಂಗಳು ಅರ್ಲೀನಳಿಗೂ ನೆನಪಿತ್ತು. ಬಾಸ್ಟನ್ನಿನ ಶಾಲೆಗಳಲ್ಲಿ ಕರಿಯ ಬಿಳಿಯ ಮಕ್ಕಳು ಒಟ್ಟಿಗೆ ಓದಬೇಕೆಂದು ನ್ಯಾಯಾಲಯ ಹೇಳಿ, ಹತ್ತು ವರ್ಷದ ಅವಳನ್ನು ಹಳದಿ ಬಸ್ಸಿಗೆ ಹತ್ತಿಸಿ ಬಿಳಿಯರ ಕೇರಿಗೆ ಕಳಿಸಿದ್ದರು. ಕಿಟಕಿಗೆ ಕಲ್ಲು ಬಿದ್ದು ಗಾಜಿನ ಚೂರು ಅವಳ ಜಡೆಯೊಳಗೆ ಸೇರಿಕೊಂಡಿತ್ತು. ಅದೇ ತಿಂಗಳು ಬಾಸ್ಟನ್ನಿನ ಮನೆ ಯಾಕೆ ಬಿಟ್ಟಿರಿ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ ಪ್ರೊಫೆಸರರು, "ನನ್ನ ಹೆಂಡತಿಗೆ ತೋಟ ಬೇಕಿತ್ತು," ಎಂದಿದ್ದರು. ತೋಟ ಚೆನ್ನಾಗಿಯೇ ಇತ್ತು.

ಸಭೆಯ ಬಾಗಿಲಲ್ಲಿ ಊರಿನ ದಾಖಲೆ ನೋಡಿಕೊಳ್ಳುವ ಮಿಸೆಸ್ ಟ್ರೆಡ್‌ಗೋಲ್ಡ್ ಮೇಜು ಹಾಕಿಕೊಂಡು ಕೂತಿದ್ದಳು. ಪ್ರೊಫೆಸರರ ಕೈಗೆ ಕಿತ್ತಳೆ ಬಣ್ಣದ ಚೀಟಿ ಕೊಟ್ಟು, ಕನ್ನಡಕದ ಮೇಲಿನಿಂದ ಅರ್ಲೀನಳನ್ನು ನೋಡಿದಳು. ಹೊರಊರಿನವರು ಕೂರಬೇಕಾದದ್ದು ಹಗ್ಗದಾಚೆ, ಗೋಡೆಯ ಬದಿಯ ಮೆಟ್ಟಿಲುಗಳ ಮೇಲೆ. ಅಲ್ಲಿ ಆಗಲೇ ಅರ್ಲೀನಳ ಬಸ್ಸಿನ ಗೆಳತಿಯರು ನಾಲ್ಕು ಜನ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರಲ್ಲಿ ಇಬ್ಬರ ಹೆಸರೂ ಆ ಎಂಟರಲ್ಲಿತ್ತು.

"ಇವಳಿಲ್ಲದೆ ನಂಗೆ ಕೈ ಎತ್ತಕ್ಕಾಗಲ್ಲ ಫಿಲ್ಲಿಸ್," ಎಂದರು ಪ್ರೊಫೆಸರರು.

"ಗೊತ್ತು ಪ್ರೊಫೆಸರ್. ಅಧ್ಯಕ್ಷರು ಒಪ್ಪಿಗೆ ಕೊಟ್ಟಿದ್ದಾರೆ." ಮಿಸೆಸ್ ಟ್ರೆಡ್‌ಗೋಲ್ಡ್ ಅರ್ಲೀನಳತ್ತ ತಿರುಗಿದಳು. "ಆದ್ರೆ ನೋಡಮ್ಮ, ನೀನಿಲ್ಲಿ ಅವರ ಕೈ ಅಷ್ಟೆ. ಅವರು ಎತ್ತು ಅಂದ್ರೆ ಎತ್ತಬೇಕು, ಬೇಡ ಅಂದ್ರೆ ಬೇಡ. ನಿನ್ನ ಇಷ್ಟ ಅನ್ನೋದು ಇದರಲ್ಲಿ ಬರಬಾರದು. ಮಾತು ಕೊಡು."

"ಕೊಟ್ಟೆ."

"ಬಾಯಿಬಿಟ್ಟು ಹೇಳು."

"ಅವರು ಹೇಳಿದ ಹಾಗೇ ಮಾಡ್ತೀನಿ," ಎಂದಳು ಅರ್ಲೀನ್. ಇದನ್ನು ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಅವಳ ಅಮ್ಮ ಮೊದಲ ಸಲ ಓಟು ಹಾಕಿದ್ದು ನಲವತ್ತೊಂದನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಮೂರು ಸಲ ಬಾಗಿಲಿನಿಂದ ಅಟ್ಟಿಸಿಕೊಂಡು, ನಾಲ್ಕನೆಯ ಸಲ ಚರ್ಚಿಗೆ ಹಾಕುವ ಬಿಳಿ ಕೈಗವಸು ತೊಟ್ಟು ಹೋಗಿದ್ದಳು. ಸಾಯುವವರೆಗೂ ಅಮ್ಮ ಮಕ್ಕಳಿಗೆ ಹೇಳುತ್ತಿದ್ದದ್ದು, ಇನ್ನೊಬ್ಬರ ಓಟಿಗೆ ಯಾವತ್ತೂ ಬೆರಳು ತಾಗಿಸಬೇಡಿ, ನಮ್ಮದಕ್ಕೆ ತಾಗಿಸಿದವರನ್ನ ನಾನು ನೋಡಿದ್ದೀನಿ ಎಂದು.

ಹದಿನೇಳನೆಯ ವಿಷಯ ಬರುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ಜೋನಿಂಗ್ ನಿಯಮದ ತಿದ್ದುಪಡಿಯಾದ್ದರಿಂದ ಮೂರರಲ್ಲಿ ಎರಡು ಪಾಲು ಒಪ್ಪಿಗೆ ಬೇಕು ಎಂದು ಅಧ್ಯಕ್ಷರು ಸಾರಿದರು. ಮೈಕಿನ ಹಿಂದೆ ಸಾಲು ಬೆಳೆಯಿತು. ಯಾರೂ ಬಡವರು ಬೇಡ ಎನ್ನಲಿಲ್ಲ. ಪ್ರತಿಯೊಬ್ಬರೂ ತಾವು ಯಾವ ಮೆರವಣಿಗೆಯಲ್ಲಿ ನಡೆದಿದ್ದೆವು, ಯಾವ ಅಭ್ಯರ್ಥಿಗೆ ಮನೆಮನೆ ತಿರುಗಿದ್ದೆವು ಎಂಬುದರಿಂದ ಶುರುಮಾಡಿ, "ಆದರೆ" ಎಂಬಲ್ಲಿಗೆ ಬಂದು ತಲುಪುತ್ತಿದ್ದರು. ಕಾರುಗಳು ಮೂವತ್ತೆಂಟು ಹೆಚ್ಚಾಗುತ್ತವೆ. ಕೊಳಚೆಗುಂಡಿ ತಡೆಯುವುದಿಲ್ಲ. ಮಠದ ಹಿಂದಿನ ಹೊಂಡದಲ್ಲಿ ಸಲಮಾಂಡರ್‌ಗಳಿವೆ. ಹಲ್ಲಿಯಂಥ ಆ ಚುಕ್ಕೆಚುಕ್ಕೆಯ ಪ್ರಾಣಿಗಳು ಪ್ರತಿ ಮಾರ್ಚಿನಲ್ಲಿ ರಸ್ತೆ ದಾಟಿ ಅಲ್ಲಿಗೆ ಮೊಟ್ಟೆಯಿಡಲು ಬರುತ್ತವೆ. ಒಬ್ಬ ಹೆಂಗಸು ಅದನ್ನು ಹೇಳುತ್ತ ಗದ್ಗದಳಾದಳು. "ಅವು ಹುಟ್ಟಿದ ಜಾಗಕ್ಕೇ ವಾಪಸ್ ಬರೋದು. ಬೇರೆ ಎಲ್ಲಿಗೆ ಹೋಗಬೇಕು ಅವು?"

ಹಗ್ಗದಾಚೆಯಿಂದ ಯಾರೋ ಕೆಮ್ಮಿದರು. ಕೆಮ್ಮೋ ನಗೆಯೋ ತಿಳಿಯಲಿಲ್ಲ.

ಪರವಾಗಿ ಮಾತಾಡಿದವರೂ ಇದ್ದರು. ಗಣಿತದ ಮೇಷ್ಟ್ರು ನಾರ್ಟನ್, ಪ್ರೊಫೆಸರರ ಪಕ್ಕದ ಕುರ್ಚಿಯಲ್ಲೇ ಕೂತಿದ್ದವನು, ಎದ್ದು ಹೋಗಿ ಒಂದೇ ನಿಮಿಷದಲ್ಲಿ ಮುಗಿಸಿ ಬಂದ. "ನನ್ನ ಪಾಠಕ್ಕೆ ಸಹಾಯ ಮಾಡೋ ಟೀಚರಮ್ಮ ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಡ್ತಾರೆ. ನನಗೆ ನಾಚಿಕೆ ಆಗುತ್ತೆ. ಅಷ್ಟೆ." ಅವನಿಗೆ ಒಳ್ಳೆಯ ಚಪ್ಪಾಳೆ ಬಿತ್ತು. ಗಾಳಿ ಆ ಕಡೆಗೇ ಬೀಸುತ್ತಿದೆ ಎಂದು ಅರ್ಲೀನಳಿಗೆ ಧೈರ್ಯ ಬಂತು. ಇನ್ನು ಪ್ರೊಫೆಸರರ ಮಾತೊಂದಾದರೆ ಸಾಕು. ಈ ಊರಿನಲ್ಲಿ ಅವರು ಹೇಳಿದ ಮೇಲೆ ಎರಡು ಮಾತಿಲ್ಲ.

ಅಧ್ಯಕ್ಷರು ಅವರ ಹೆಸರು ಕರೆದರು. ಮೈಕನ್ನು ಕುರ್ಚಿಯ ಬಳಿಗೇ ತಂದರು. ಥಿಯಾ ಹಾಳೆಗಳನ್ನು ಅರ್ಲೀನಳ ಕೈಗಿತ್ತು, ಅವಳ ಭುಜ ಒತ್ತಿ, ತನ್ನ ಜಾಗಕ್ಕೆ ಹೋದಳು. ಅರ್ಲೀನ್ ಕುರ್ಚಿಯ ಪಕ್ಕದಲ್ಲಿ ಮೊಣಕಾಲೂರಿ, ಮೊದಲ ಹಾಳೆಯನ್ನು ಅವರ ಕಣ್ಣಿನ ಮಟ್ಟಕ್ಕೆ ಹಿಡಿದಳು.

"ಅರವತ್ತನಾಲ್ಕರಲ್ಲಿ ನಾನು ಮಿಸಿಸಿಪಿಯಲ್ಲಿ ಒಂದು ಬಾಗಿಲಿನ ಮುಂದೆ ನಿಂತಿದ್ದೆ," ಎಂದು ಶುರುವಾಯಿತು. ಧ್ವನಿ ತೊದಲುತ್ತಿದ್ದರೂ ಒಳಗೆ ಉಕ್ಕಿನ ಗಟ್ಟಿತನವಿತ್ತು. ಅವರು ಓದುತ್ತಿದ್ದಂತೆ ಅರ್ಲೀನಳ ತುಟಿಯೂ ಅಲ್ಲಾಡುತ್ತಿತ್ತು. ಎರಡನೆಯ ಹಾಳೆ. ಮೂರನೆಯದು. "ಬಾಗಿಲು ಮುಚ್ಚೋರು ಯಾವಾಗ್ಲೂ ಕೆಟ್ಟವರೇ ಆಗಿರಬೇಕಾಗಿಲ್ಲ. ಎಷ್ಟೋ ಸಲ ಒಳ್ಳೆಯವರೇ ಮುಚ್ಚಿಬಿಡ್ತಾರೆ." ಇದು ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಸಾಲು. ಮುಂದಿನ ಸಾಲಿನ ಕೆಲವರು ಕಣ್ಣೊರೆಸಿಕೊಂಡರು. ಅವಳು ನಾಲ್ಕನೆಯದನ್ನು ತೆಗೆದು ಐದನೆಯದನ್ನು ಮುಂದಕ್ಕೆ ತಂದಳು. ಅವರಿಗಿಂತ ಒಂದು ಕ್ಷಣ ಮೊದಲು ಅವಳೇ ಅದನ್ನು ಓದಿದಳು.

ಅದರಲ್ಲಿದ್ದದ್ದು ಅವಳು ಬರೆದುಕೊಟ್ಟ ಮಾತಲ್ಲ.

"ಅದಕ್ಕೇ," ಎಂದು ಓದಿದರು ಪ್ರೊಫೆಸರರು, "ಅದಕ್ಕೇ ಹೇಳ್ತೀನಿ, ನ್ಯಾಯವನ್ನ ಅವಸರದಲ್ಲಿ ಮಾಡಬಾರದು. ಈ ಯೋಜನೆ ಉದ್ದೇಶದಲ್ಲಿ ದೊಡ್ಡದು, ವಿವರದಲ್ಲಿ ಕಚ್ಚಾ. ಒಂದು ಸಮಿತಿ ಮಾಡೋಣ. ಹೊಂಡ, ಮರ, ರಸ್ತೆ, ಎಲ್ಲ ನೋಡೋಣ. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ, ನಮಗೆ ಹೆಮ್ಮೆಯಾಗೋ ಹಾಗೆ ಮಾಡೋಣ. ಇವತ್ತು ಬೇಡ ಅನ್ನೋದು, ಬೇಡ ಅಂದ ಹಾಗಲ್ಲ."

ಅರ್ಲೀನಳ ಕೈ ಅಲ್ಲಾಡಲಿಲ್ಲ. ಹನ್ನೊಂದು ವರ್ಷ ಚಮಚ ಹಿಡಿದ ಕೈ ಅದು. ಅವರು ಕಣ್ಣಲ್ಲೇ "ಮುಂದಿನದು" ಎಂದರು. ಅವಳು ಆರನೆಯದನ್ನು ತಂದಳು. ಅದರ ಮೊದಲ ಸಾಲಿನಲ್ಲೇ ಅವಳ ಹೆಸರಿತ್ತು.

"ಇಗೋ, ಇವಳು ಅರ್ಲೀನ್. ಹನ್ನೊಂದು ವರ್ಷದಿಂದ ನಮ್ಮ ಮನೆಯವಳು. ಇವಳಂಥವರಿಗಾಗಿಯೇ ನಾನು ಬದುಕಿಡೀ ಹೋರಾಡಿದ್ದು. ಇವಳಿಗೆ ಹೇಗೋ ಏನೋ ಕಟ್ಟಿಕೊಟ್ಟ ಗೂಡು ಬೇಡ. ಒಳ್ಳೇ ಮನೆ ಬೇಕು."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅರ್ಧ ಅಂಗಳ ಅರ್ಲೀನಳನ್ನು ನೋಡಿ ತಟ್ಟಿತು. ಆ ಹಾಳೆಯನ್ನು ಎದೆಯ ಮುಂದೆ ಹಿಡಿದುಕೊಂಡೇ, ಮೊಣಕಾಲ ಮೇಲೆಯೇ, ಅವಳು ಚಪ್ಪಾಳೆ ನಿಲ್ಲುವುದನ್ನು ಕಾದಳು. ಹಗ್ಗದಾಚೆಯ ನಾಲ್ವರಲ್ಲಿ ಒಬ್ಬಳು ಎದ್ದು ಚೀಲ ಹೆಗಲಿಗೇರಿಸಿಕೊಂಡು ಹೊರಗೆ ನಡೆದಳು.

"ಒಪ್ಪುವವರು ಚೀಟಿ ಎತ್ತಿ. ಎಣಿಸುವವರು ಮುಗಿಸೋವರೆಗೂ ಇಳಿಸಬೇಡಿ," ಎಂದರು ಅಧ್ಯಕ್ಷರು.

ಕಿತ್ತಳೆ ಚೀಟಿಗಳು ಎದ್ದವು. ಬಹಳ ಎದ್ದವು. ಪ್ರೊಫೆಸರರ ಭಾಷಣಕ್ಕೂ ಅಲುಗಾಡದ ಜನ ಅಷ್ಟಿದ್ದರು; ಮೇಷ್ಟ್ರು ನಾರ್ಟನ್ ಎರಡೂ ಕೈಯಲ್ಲಿ ಹಿಡಿದು ಎತ್ತಿದ್ದ. ಎಣಿಸುವವರು ಸಾಲು ಸಾಲಾಗಿ ಬಂದರು, ಕೈಯಲ್ಲಿದ್ದ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಚೀಟಿ ಹಿಡಿದ ಪ್ರೊಫೆಸರರ ಎಡಗೈ ಮಡಿಲಲ್ಲೇ ಇತ್ತು. ಅರ್ಲೀನಳ ಅಂಗೈ ತನಗೆ ತಾನೇ ಅವರ ಮೊಣಕೈ ಕೆಳಗೆ ಹೋಗಿತ್ತು.

"ಈಗಲ್ಲ," ಎಂದರು ಅವರು ಮೆತ್ತಗೆ.

ಅವಳು ಕೈ ತೆಗೆದಳು.

"ವಿರೋಧಿಸುವವರು."

"ಈಗ, ಅರ್ಲೀನ್."

ಅವಳು ಅವರ ಮುಖ ನೋಡಿದಳು. ಅಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನೀಲಿ ಕಣ್ಣುಗಳಲ್ಲಿ ತಾನು ಸರಿಯಾದದ್ದನ್ನೇ ಮಾಡುತ್ತಿದ್ದೇನೆ ಎಂಬ ತಣ್ಣನೆಯ ನೆಮ್ಮದಿ ಮಾತ್ರ. ಎಣಿಸುವ ಹುಡುಗಿ ಸಾಲಿನ ತುದಿಯಲ್ಲಿ ಬಂದು ನಿಂತು, ಗಾಲಿಕುರ್ಚಿಯನ್ನು ಕಂಡು, ಮುಗುಳ್ನಕ್ಕು ಕಾದಳು. "ಅವಸರ ಇಲ್ಲ," ಎಂದಳು. ಅರ್ಲೀನ್ ಸುಮ್ಮನೆ ಕೈ ಕಟ್ಟಿ ಕೂತಿದ್ದರೆ ಆಗುತ್ತಿತ್ತು. ಸೊಂಟ ಹಿಡಿಯಿತು ಎಂದಿದ್ದರೆ ಆಗುತ್ತಿತ್ತು. ಬಾಗಿಲಲ್ಲಿ ಕೊಟ್ಟ ಮಾತು, ಅಮ್ಮನ ಬಿಳಿ ಕೈಗವಸು, ಪೂರ್ವದ ಕಿಟಕಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ಅಂಗೈಯನ್ನು ಮೊಣಕೈ ಕೆಳಗಿಟ್ಟು, ಒಂದೇ ಹದದಲ್ಲಿ, ನೋವಾಗದ ಎತ್ತರಕ್ಕೆ, ಎತ್ತಿದಳು.

ಟಿಕ್.

ಅಧ್ಯಕ್ಷರು ಚೀಟಿ ನೋಡಿ ಓದಿದರು. ಪರ ನಾನೂರ ಹನ್ನೊಂದು. ವಿರೋಧ ಇನ್ನೂರ ಆರು. ಬೇಕಾದದ್ದು ನಾನೂರ ಹನ್ನೆರಡು. ಪ್ರಸ್ತಾವ ಬಿದ್ದುಹೋಗಿದೆ.

ಮೇಷ್ಟ್ರು ನಾರ್ಟನ್ ಕಾರ್ಯಸೂಚಿಯ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಏನೋ ಭಾಗಿಸಿದ, ಮತ್ತೆ ಭಾಗಿಸಿದ. "ಒಂದೇ ಒಂದು," ಎಂದ ಯಾರಿಗೂ ಅಲ್ಲದಂತೆ. "ವಿರೋಧದಲ್ಲಿ ಒಂದೇ ಒಂದು ಚೀಟಿ ಏಳದೆ ಇದ್ದಿದ್ರೂ, ಬೇಕಾದದ್ದು ನಾನೂರ ಹನ್ನೊಂದಕ್ಕೆ ಇಳಿದು, ಇಷ್ಟೇ ಓಟಿಗೆ ಪಾಸಾಗ್ತಿತ್ತು." ಆಮೇಲೆ ಪಕ್ಕದಲ್ಲಿ ಯಾರಿದ್ದಾರೆ ಎಂಬುದು ನೆನಪಾಗಿ, ಕೆಂಪಗಾಗಿ, ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಹೊರಗೆ ಹೋಗುವಾಗ ಮಿಸೆಸ್ ಟ್ರೆಡ್‌ಗೋಲ್ಡ್ ಚೀಟಿಗಳನ್ನು ವಾಪಸ್ ಪಡೆಯುತ್ತಿದ್ದಳು. "ಮಾತು ಉಳಿಸಿಕೊಂಡೆಯಮ್ಮ. ಥ್ಯಾಂಕ್ಸ್," ಎಂದಳು. ಅವಳು ಮನಃಪೂರ್ವಕವಾಗಿಯೇ ಹೇಳಿದ್ದಳು.

ಥಿಯಾ ಕಾರಿನ ಹತ್ತಿರ ಓಡಿ ಬಂದಳು. ತಬ್ಬಿಕೊಂಡಳು. ಕಣ್ಣಲ್ಲಿ ನೀರಿತ್ತು, ನಿಜವಾದ ನೀರು.

"ನೀನು ಬೇಜಾರು ಮಾಡ್ಕೋಬೇಡ. ನಾನು ಇದನ್ನೆಲ್ಲ ಮೊದಲೇ ಯೋಚನೆ ಮಾಡಿದ್ದೀನಿ. ನಮ್ಮಪ್ಪನ ಮನೆ ನೆಲಮಾಳಿಗೆ ಇದೆಯಲ್ಲ? ಅಲ್ಲಿ ಒಂದು ಮಂಚ ಹಾಕಿ, ಮನೆ ಬಿಸಿ ಮಾಡೋ ಯಂತ್ರಕ್ಕೆ ಅಡ್ಡ ಒಂದು ಪರದೆ ಕಟ್ಟಿದ್ರೆ, ನಿನಗೆ ಆರಾಮಾಗಿ ಆಗುತ್ತೆ. ಬಾಡಿಗೆ ಒಂದು ಪೈಸೆ ಬೇಡ. ಬಸ್ಸಿಲ್ಲ, ರೈಲಿಲ್ಲ. ಅಪ್ಪ ರಾತ್ರಿ ಎದ್ದರೂ ನೀನು ಅಲ್ಲೇ ಇರ್ತೀಯ. ಎಲ್ಲರಿಗೂ ಒಳ್ಳೇದು ಅಲ್ವಾ?"

"ಅದಕ್ಕೆ ಬೀಗ ಇದೆಯಾ?" ಎಂದು ಕೇಳಿದಳು ಅರ್ಲೀನ್.

"ನೆಲಮಾಳಿಗೆಗಾ? ಬೀಗ ಯಾಕೆ? ನಮ್ಮದೇ ಮನೆ, ಯಾರು ಬರ್ತಾರೆ?"

ಅರ್ಲೀನಳ ಅಮ್ಮ ಸೌತ್ ಕರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಹದಿನಾರು ವರ್ಷ ಒಂದು ಅಡುಗೆಮನೆಯ ಹಿಂದೆ ಮಲಗಿದ್ದಳು. ಅಲ್ಲಿಯೂ ಬಾಡಿಗೆಯಿರಲಿಲ್ಲ. ಬೀಗವೂ ಇರಲಿಲ್ಲ. ಬೆಳಗಿನ ಜಾವ ಯಾರಿಗಾದರೂ ಬಿಸಿನೀರು ಬೇಕಾದರೆ ಬಾಗಿಲು ತಟ್ಟುವ ತೊಂದರೆಯೂ ಇರಲಿಲ್ಲ. ಆ ಮನೆಯವರೂ ಅವಳನ್ನು ನಮ್ಮವಳು ಎಂದೇ ಹೇಳುತ್ತಿದ್ದರು.

"ಯೋಚನೆ ಮಾಡ್ತೀನಿ," ಎಂದಳು ಅರ್ಲೀನ್.

"ಯೋಚನೆ ಏನು ಬಂತು! ನಾನು ಈಗಲೇ ಹೋಗಿ ಪೆಟ್ಟಿಗೆಗಳನ್ನ ಸರಿಸೋಕೆ ಶುರು ಮಾಡ್ತೀನಿ," ಎಂದು ಥಿಯಾ ಕಣ್ಣೊರೆಸಿಕೊಂಡಳು.

ಮನೆಗೆ ಬಂದಾಗ ಮೂರೂವರೆ. ಬಿಸಿಲು ಇನ್ನೂ ಹುಲ್ಲುಹಾಸಿನ ಮೇಲಿತ್ತು. ಅವರಿಗೆ ಮೊದಲು ಔಷಧಿ, ಆಮೇಲೆ ಅರ್ಧ ಲೋಟ ಸೇಬಿನ ರಸ, ಆಮೇಲೆ ಮಂಚದ ಅಂಚಿನಲ್ಲಿ ಕೂರಿಸಿ ಬೂಟು, ಕಾಲುಚೀಲ. ಅರ್ಲೀನ್ ಒಂದನ್ನೂ ತಪ್ಪಿಸಲಿಲ್ಲ. ಕೆಳಗಿನಿಂದ ಥಿಯಾ ಪೆಟ್ಟಿಗೆ ಎಳೆಯುವ ಸದ್ದು ಬರುತ್ತಿತ್ತು. ಹಳೆಯ ಮೆರವಣಿಗೆಗಳ ಫಲಕಗಳೆಲ್ಲ ಕೋಲಿನ ಸಮೇತ ಅಲ್ಲೇ ಇದ್ದವು. ಒಂದೊಂದಾಗಿ ಗೋಡೆಗೆ ಒರಗಿಸುತ್ತಿದ್ದಳೆಂದು ಕಾಣುತ್ತದೆ. ಟಕ್, ಟಕ್ ಎನ್ನುತ್ತಿತ್ತು.

"ನಿಂಗೆ ನನ್ನ ಮೇಲೆ ಕೋಪ," ಎಂದರು ಪ್ರೊಫೆಸರರು.

"ಟೈ ಬಿಚ್ಚಬೇಕು. ತಲೆ ಎತ್ತಿ."

"ಇಂಥದ್ದೆಲ್ಲ ನಿಧಾನ, ಅರ್ಲೀನ್. ನಾನು ಐವತ್ತು ವರ್ಷ ನೋಡಿದ್ದೀನಿ. ಇನ್ನೆರಡು ವರ್ಷದಲ್ಲಿ ಎಂಥಾ ಮನೆ ಆಗುತ್ತೆ ನೋಡು. ನೀನೇ ನಂಗೆ ಥ್ಯಾಂಕ್ಸ್ ಹೇಳ್ತೀಯ."

ಅವಳು ಟೈ ಬಿಚ್ಚಿ ಮಡಿಸಿಟ್ಟಳು. ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಕ್ಕೆ ಬಿಚ್ಚಿದಳು. ಬಲಗೈಯ ತೋಳು ಸುಲಭವಾಗಿ ಜಾರಿ ಬಂತು.

"ಕೈ ಎತ್ತಿ, ಪ್ರೊಫೆಸರ್."

ಎಡಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅವಳು ಅಂಗೈ ಕೊಟ್ಟಳು. ಎತ್ತಿದಳು. ತೋಳು ಬಿಡಿಸಿದಳು. ಅಂಗಿ ಅವರ ಬೆನ್ನ ಹಿಂದೆ ಹಾಸಿಗೆಯ ಮೇಲೆ ಬಿತ್ತು. ಇಳಿಸಬೇಕಾದ ಜಾಗದಲ್ಲಿ ಅವಳು ಇಳಿಸಲಿಲ್ಲ. ಇನ್ನೂ ನಾಲ್ಕು ಬೆರಳು ಮೇಲಕ್ಕೆ ಎತ್ತಿ, ಅಲ್ಲಿ ನಿಲ್ಲಿಸಿದಳು.

"ಆಯ್ತಲ್ಲ," ಎಂದರು ಅವರು.

ಕಿಟಕಿಯಾಚೆ ಮಠದ ಎರಡನೇ ಮಹಡಿ ಕಾಣುತ್ತಿತ್ತು.

"ಅರ್ಲೀನ್, ನೋಯ್ತಿದೆ."

"ಗೊತ್ತು."

"ಇಳಿಸು ಮತ್ತೆ!"

"ಇನ್ನೊಂಚೂರು ತಡೀರಿ ಪ್ರೊಫೆಸರ್," ಎಂದಳು ಅವಳು, ದಿನವೂ ಔಷಧಿ ಕುಡಿಸುವಾಗಿನ ಅದೇ ಮೆದು ಧ್ವನಿಯಲ್ಲಿ. "ಇನ್ನೂ ಎಣಿಸ್ತಿದ್ದಾರೆ."

ಮುದುಕರ ಕಣ್ಣಿನಲ್ಲಿ ಮೊದಲು ಅಚ್ಚರಿ ಬಂತು, ಆಮೇಲೆ ನೀರು. ಕೆಳಗೆ ಟಕ್ ಎಂದು ಇನ್ನೊಂದು ಫಲಕ ಗೋಡೆಗೊರಗಿತು. ಬರಿಮೈಯ ಮೇಲೆ, ಗಾಳಿಯಲ್ಲಿ ನಿಂತ ಆ ಬಿಳಿಚಿದ ಕೈಯ ಬೆರಳುಗಳು, ಏನನ್ನೋ ಹಿಡಿದುಕೊಂಡಿರುವಂತೆ ಮುಚ್ಚಿಕೊಂಡೇ ಇದ್ದವು.